ಬೆಳಕಿನ ಹಿಂದೆ ಬರಬೇಕಿದ್ದ ಶಬ್ದ

“ಈ ಮನೆಯಲ್ಲಿ ಡಿಗ್ರಿ ಮಾಡುವವರು ಹುಟ್ಟಲಿಕ್ಕಿಲ್ಲ” ಎಂದವರು ನನ್ನ ಸೋದರಮಾವ. ಬಿ.ಸಿ.ರೋಡಿನಲ್ಲಿ ಸಣ್ಣ ಹೋಟೆಲು ಅವರದು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ಅವರ ಮಾತೇ ಕೊನೆ. ನಮ್ಮ ಕಡೆ ಮಾವನೆಂದರೆ ಹಾಗೆಯೇ. ಅಮ್ಮ ಅತ್ತು ಕರೆದು ಒಪ್ಪಿಸಿದ್ದರಿಂದ ನಾನು ಮೂಡುಬಿದಿರೆಯ ಕಾಲೇಜಿಗೆ ಸೇರಿದೆ. ಬೀಡಿ ಕಟ್ಟಿ, ಬಸ್ಸಿನಲ್ಲಿ ನಿಂತು ಓದಿ, ಬಿಎಸ್ಸಿಯ ಕೊನೆಯ ಪರೀಕ್ಷೆಯವರೆಗೆ ಬಂದೆ. ಭೌತಶಾಸ್ತ್ರ ಒಂದು ಬಾಕಿ. ಅದು ತಪ್ಪಿದರೆ ಮತ್ತೆ ಓದಿಸುವುದಿಲ್ಲವೆಂದು ಮಾವ ಮೊದಲೇ ಹೇಳಿಯಾಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ, ದೀಪ ಹಚ್ಚುವ ಹೊತ್ತು. ನಾನೂ ಮಾವನೂ ಅಂಗಳದಲ್ಲಿದ್ದೆವು. ಇದ್ದಕ್ಕಿದ್ದಂತೆ ನಾನು ಓದುತ್ತಿದ್ದ ಪುಸ್ತಕದ ಮೇಲೆ ನನ್ನದೇ ನೆರಳು ಬಿದ್ದು ಜಾರಿತು. ತಲೆಯೆತ್ತಿದರೆ, ಹಸಿರು ಬೆಳಕಿನ ಉಂಡೆಯೊಂದು ಬಾಲ ಎಳೆದುಕೊಂಡು ಬೆಳ್ತಂಗಡಿಯ ಕಡೆ ಓಡುತ್ತಿತ್ತು. ಘಟ್ಟದ ಮೇಲೆ ಒಡೆದು, ಕಿಡಿ ಉದುರಿಸಿ, ಆರಿತು. ಕಾಗೆಗಳು ಒಮ್ಮೆಲೇ ಎದ್ದು ಕೂಗಿದವು.

“ಕೊಳ್ಳಿ ಬಿತ್ತು, ಅಪಶಕುನ,” ಎಂದರು ಮಾವ. ಸ್ವರ ಇಳಿದಿತ್ತು. “ನಿನ್ನ ಅಪ್ಪ ಹೋಗುವ ಮೊದಲೂ ಹೀಗೆಯೇ ಕಂಡಿತ್ತು. ನಾಳೆ ಯಾರೂ ಗೇಟು ದಾಟುವುದು ಬೇಡ.”

“ನಾಳೆ ಪರೀಕ್ಷೆ ಉಂಟು ಮಾವ. ಅದು ಬರೀ ಕಲ್ಲು. ಉಲ್ಕೆ.”

“ಅಷ್ಟು ದೊಡ್ಡ ಕಲ್ಲು ಶಬ್ದ ಇಲ್ಲದೆ ಒಡೆಯುತ್ತದಾ ಮಾರಾಯ್ತಿ?”

“ಶಬ್ದ ಬರ್ತದೆ. ಸಿಡಿಲಿನ ಹಾಗೆ, ಬೆಳಕು ಮೊದಲು, ಶಬ್ದ ಆಮೇಲೆ. ಘಟ್ಟ ದೂರ ಅಲ್ವಾ, ಸ್ವಲ್ಪ ಹೊತ್ತು ಬೇಕು.”

“ಬಾರದಿದ್ದರೆ?”

“ನಾಳೆ ಹೋಗುವುದಿಲ್ಲ.”

ಎಲ್ಲ ಉಲ್ಕೆಗಳ ಶಬ್ದವೂ ನೆಲದವರೆಗೆ ಕೇಳಿಸುವುದಿಲ್ಲ ಎಂದು ಲೆಕ್ಚರರ್ ಹೇಳಿದ್ದು ಮಾತು ಕೊಟ್ಟಾದ ಮೇಲೆ ನೆನಪಾಯಿತು.

ಇಬ್ಬರೂ ಕಿವಿಗೊಟ್ಟು ನಿಂತೆವು. ಕಾಗೆಗಳು ಸುಮ್ಮನಾದವು. ದೂರದಲ್ಲಿ ಏನೋ ಗುಡುಗಿದಾಗ ನನಗೆ ಜೀವ ಬಂತು.

“ಅದು ಲಾರಿ,” ಎಂದರು ಮಾವ.

ಪಕ್ಕದ ಮನೆಯ ಕುಕ್ಕರ್ ಕೂಗಿತು. “ಇಗೋ, ಬಂತು ನಿನ್ನ ಉಲ್ಕೆ!”

ನನಗೆ ನಗು ಬರಲಿಲ್ಲ. ಕತ್ತಲು ಇಳಿಯಿತು. ಮಾವ ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. “ಸಾಕು. ಪುಸ್ತಕ ಒಳಗಿಡು.”

ಅಷ್ಟರಲ್ಲಿ ಅಮ್ಮ ಹಿತ್ತಿಲ ಬಾವಿಯಿಂದ ಕೊಡ ಎತ್ತಿಕೊಂಡು ಬಂದಳು. “ಅದೆಲ್ಲಿ, ಅಣ್ಣ, ಗರ್ನಾಲು ಸಿಡಿಸಿದ್ದು? ಗುಡ್ಡೆಯ ಆಚೆಯಿಂದ ಢಂ ಅಂತ ಕೇಳಿತು. ಇವತ್ತು ಎಲ್ಲಿಯಾದರೂ ಭೂತದ ಕೋಲ ಉಂಟಾ?”

“ನನಗೆ ಕೇಳಲಿಲ್ಲವಲ್ಲ!”

“ಹೋಟೆಲಿನ ಗ್ರೈಂಡರಿನ ಹತ್ತಿರ ನಿಂತು ನಿಂತು ನಿಮ್ಮ ಕಿವಿ ಹೋಗಿದೆ.”

ಮಾವ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. “ಬೆಳಿಗ್ಗೆ ಬೇಗ ಹೊರಡು” ಎಂದು ಒಳಗೆ ಹೋದರು. ಹಿತ್ತಿಲು ಗುಡ್ಡದ ಕಡೆಗಿರುವುದರಿಂದ ಅಲ್ಲಿಗೆ ಕೇಳಿಸಿರಬೇಕು ಎಂದುಕೊಂಡೆ. ಮರುದಿನ ಪರೀಕ್ಷೆ ಬರೆದೆ. ಪಾಸಾದೆ.

ಪ್ರಮಾಣಪತ್ರ ತರುವ ದಿನ ಅಮ್ಮನೂ ಜೊತೆಗೆ ಬಂದಳು. ನಮ್ಮ ಮನೆಯ ಮೊದಲ ಪದವಿ ಅದು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಅದನ್ನು ಅವಳ ಕೈಗೆ ಕೊಟ್ಟೆ. ನನ್ನ ಹೆಸರು ಎಲ್ಲುಂಟು ಎಂದು ಕೇಳಿ, ತೋರಿಸಿಕೊಂಡು, ಬಹಳ ಹೊತ್ತು ನೋಡಿದಳು. ನಮ್ಮ ಬಸ್ಸು ಬಂತು. ಏಳುವ ಮೊದಲು ಹೇಳಿದಳು:

“ಇದನ್ನು ಮೊದಲು ಮಾವನಿಗೆ ತೋರಿಸುವ. ಮತ್ತೆ, ಆವತ್ತು ಬಾವಿಯ ಹತ್ತಿರ ನನಗೆ ನಿಮ್ಮಿಬ್ಬರ ಮಾತು ಮಾತ್ರ ಕೇಳಿದ್ದು, ಎಂಥ ಗರ್ನಾಲೂ ಕೇಳಲಿಲ್ಲ ಮಗಾ. ಅದೊಂದು ಅವರಿಗೆ ಹೇಳಬೇಡ.”