ಯಾರೂ ಮುಟ್ಟದ ಪರೀಕ್ಷೆ

“ಯಾರೂ ಮುಟ್ಲೇ ಇಲ್ವಲ್ಲೇ!” ಎನ್ನುತ್ತ ನಮ್ಮವ್ವ ಸೆರಗು ಸರಿಮಾಡಿಕೊಂಡು ಪರದೆಯ ಹಿಂದಿನಿಂದ ಬಂದಳು. ರಾಂಪುರದಲ್ಲಿ ಅಂದು ಸ್ತನ ಕ್ಯಾನ್ಸರ್ ಪತ್ತೆಯ ಶಿಬಿರವಿತ್ತು. ದೂರದಲ್ಲಿಟ್ಟ ಕ್ಯಾಮೆರಾ ಮೈಯ ಶಾಖದ ಚಿತ್ರ ತೆಗೆಯುತ್ತದೆ, ಕಂಪ್ಯೂಟರ್ ಅದನ್ನು ಓದುತ್ತದೆ. ಅವ್ವನ ಚಿತ್ರದಲ್ಲಿ ಎಡಗಡೆ ಕಂಕುಳಿನವರೆಗೂ ಕೆಂಪು ಹರಡಿತ್ತು. ಎದೆಯಲ್ಲಿ ಗಂಟೇನಾದರೂ ಇದೆಯೇ, ಇದ್ದರೆ ಎಷ್ಟು ದಿನದಿಂದ ಎಂದು ಡಾಕ್ಟರಮ್ಮ ಕೇಳಿದರು.

“ಎರಡು ವರ್ಷ ಆತ್ರಿ. ಆಸ್ಪತ್ರೇಲಿ ಗಂಡಸ್ರು ಮುಟ್ಟಿ ನೋಡ್ತಾರೆ ಅಂತ ನಾಚ್ಕೆಂಡು ಯಾರಿಗೂ ಹೇಳ್ಲಿಲ್ಲ,” ಎಂದ ಅವ್ವ ನನ್ನತ್ತ ತಿರುಗಿದಳು. “ಇಂಥ ಮಿಷನ್ ಐತೆ ಅಂತ ನಿಂಗೆ ಗೊತ್ತಿರ್ಲಿಲ್ಲೇನೇ?”

ನನಗೆ ಗೊತ್ತಿತ್ತು. ಹಿಂದಿನ ವರ್ಷ ಚಳ್ಳಕೆರೆಯಲ್ಲಿ, ನಮ್ಮ ಶಾಲೆಯ ಇತರ ಶಿಕ್ಷಕಿಯರ ಜೊತೆ ಹೋಗಿ ಇದೇ ಪರೀಕ್ಷೆ ಮಾಡಿಸಿಕೊಂಡಿದ್ದೆ. ನನಗೇನೂ ಇರಲಿಲ್ಲ. ಎದೆಯ ವಿಷಯವನ್ನು ಅವ್ವನ ಮುಂದೆ ಹೇಗೆ ಎತ್ತುವುದೆಂಬ ಸಂಕೋಚಕ್ಕೆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

“ಇಲ್ಲವ್ವ, ನಂಗೂ ಗೊತ್ತಿರ್ಲಿಲ್ಲ,” ಅಂದೆ.

ಕಾಯಿಲೆ ಆಗಲೇ ಮೂಳೆಗೆ ಇಳಿದಿತ್ತು, ಚಿಕಿತ್ಸೆ ಹಿಡಿಯಲಿಲ್ಲ. ಅವ್ವ ನನ್ನ ಮಾತನ್ನು ನಂಬಿಕೊಂಡೇ ಹೋದಳು.