ಬೆನ್ನು ಹಾಕಿ ಕಲಿಸಿದವರು

ಪಿಟೀಲು ಮಾಸ್ತರರ ಮುಖಕ್ಕಿಂತ ಅವರ ಬೆನ್ನೇ ನನಗೆ ಹೆಚ್ಚು ಪರಿಚಯ. ಕರಾವಳಿಯ ಬಿಜೈಯಲ್ಲಿದ್ದ ನಮ್ಮ ಮನೆಯ ಜಗಲಿಯಲ್ಲಿ ಅವರು ದಾರಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾನು ಹೊಸ್ತಿಲ ಒಳಗೆ, ಚಾವಡಿಯಲ್ಲಿ ಚಾಪೆಯ ಮೇಲೆ. ಬೆಳೆಯುವ ಹುಡುಗಿಯರನ್ನು ಹೊರಗಿನ ಗಂಡಸು ಎದುರು ಕೂರಿಸಿಕೊಂಡು ನೋಡಬಾರದೆಂಬುದು ಆಗಿನ ಮರ್ಯಾದೆ. ಮಾಸ್ತರರು ಆ ಮರ್ಯಾದೆಯನ್ನೇ ಪಾಠದ ಕ್ರಮ ಮಾಡಿಕೊಂಡಿದ್ದರು. "ಕೈ ಚಂದ ಕಂಡ್ರೆ ಸ್ವರವೂ ಚಂದ ಉಂಟು ಅಂತ ಅನಿಸ್ತದೆ. ನೋಡದೆ ಕೇಳಿದ್ರೆ ಮೋಸ ಇಲ್ಲ" ಎನ್ನುತ್ತಿದ್ದರು.

ತಮ್ಮ ಪಿಟೀಲನ್ನು ಅವರು ತರುತ್ತಿರಲಿಲ್ಲ. ನಮ್ಮೂರಿನ ತೇವಕ್ಕೆ ಅಂಟು ಬಿಟ್ಟೀತೆಂದು ಅದು ಮನೆಯಿಂದ ಹೊರಡುತ್ತಲೇ ಇರಲಿಲ್ಲ. ಅವರು ಹಾಡುವರು, ನಾನು ಬಾರಿಸಬೇಕು. ಗಾಂಧಾರ ಕೂದಲೆಳೆಯಷ್ಟು ಇಳಿದರೂ ಅವರ ಕೈ ಕತ್ತು ಕೆರೆಯಲು ಹೋಗುತ್ತಿತ್ತು. ಸರಿಯಾಗಿ ಬಂದರೆ ನಶ್ಯದ ಡಬ್ಬಿ ಟಕ್ಕೆಂದು ತೆರೆಯುತ್ತಿತ್ತು. ಬಾಯಿಬಿಟ್ಟು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಆ ಒಂದು ಟಕ್ಕಿಗಾಗಿ ನಾನು ಮಧ್ಯಾಹ್ನವಿಡೀ ಸರಳೆ ವರಸೆ ತಿಕ್ಕುತ್ತಿದ್ದೆ. ಅಪ್ಪ ಹೆಂಚಿನ ಕಾರ್ಖಾನೆಯಿಂದ ಬರುವಷ್ಟರಲ್ಲಿ ಪಿಟೀಲು ಪೆಟ್ಟಿಗೆ ಸೇರಿರುತ್ತಿತ್ತು.

ಮೊದಲ ದಿನ ಅವರು ಶ್ರುತಿ ಮಾಡಿ, ನನ್ನ ಪಿಟೀಲನ್ನು ಹೊಸ್ತಿಲ ಮೇಲಿಂದ ಒಳಗೆ ಸರಿಸಿದ್ದರು. "ತುದಿ ಪಾದದ ಮೇಲೆ ಇಡು, ಬುಡ ಎದೆಗೆ ಒತ್ತಿಕೋ. ಒಂದು ಕೈಯಲ್ಲಿ ಕಮಾನು, ಇನ್ನೊಂದರ ಬೆರಳು ತಂತಿಯ ಮೇಲೆ." ಯಾವ ಕೈ ಎಂದು ಹೇಳಲಿಲ್ಲ. ವಿದ್ಯೆಗೆ ಬಲಗೈ ಎಂಬುದನ್ನು ಯಾರಿಗಾದರೂ ಹೇಳಿಕೊಡಬೇಕೇ?

ನನಗೆ ಹೇಳಬೇಕಿತ್ತು. ನಾನು ಹುಟ್ಟಾ ಎಡಚಿ. ಊಟದಲ್ಲಿ ಎಡಗೈ ಮುಂದೆ ಬಂದರೆ ಅಜ್ಜಿಯ ಸೌಟಿನ ಪೆಟ್ಟು, ಸ್ಲೇಟಿನ ಮೇಲೆ ಬಂದರೆ ಶಾಲೆಯಲ್ಲಿ ಪೆಟ್ಟು. ಪಿಟೀಲು ಬಾರಿಸುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎಡಗೈಯಲ್ಲಿ ಕಮಾನು ಹಿಡಿದೆ. ಕಾವಲಿಗೆಂದು ಪಕ್ಕದಲ್ಲೇ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದ ಅಜ್ಜಿಯೂ ಅಂಥವರನ್ನು ಕಂಡಿರಲಿಲ್ಲ. ಈ ವಿದ್ಯೆಯ ಕ್ರಮವೇ ಹೀಗಿರಬೇಕೆಂದು ಸುಮ್ಮನಾದಳು. ಹೀಗೆ ಎರಡು ಮಳೆಗಾಲ ಕಳೆದವು. ಪೆಟ್ಟು ತಿನ್ನದೆ ನನ್ನ ಎಡಗೈ ಮಾಡಿದ ಕೆಲಸ ಇದೊಂದೇ.

ದಸರೆಗೆ ಮಾಸ್ತರರ ಮನೆಯಲ್ಲಿ ಸರಸ್ವತಿ ಪೂಜೆ. ಶಿಷ್ಯೆಯರೆಲ್ಲ ಒಂದೇ ಸಾಲಿನಲ್ಲಿ ಕೂತು ಒಟ್ಟಿಗೆ ಬಾರಿಸುವುದು ಪದ್ಧತಿ. ಆ ವರ್ಷ ನನಗೂ ಕರೆ ಬಂತು. ಮಾಸ್ತರರು ದೇವಿಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ತಾಳ ಹಿಡಿದರು. ಷಡ್ಜ ಎಳೆದದ್ದೇ ತಡ, ನನ್ನ ಕಮಾನು ಎಡಪಕ್ಕದವಳ ಕಮಾನಿಗೆ ಬಡಿಯಿತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ಬಡಿಯಿತು. ನಕ್ಕವರು ನಕ್ಕರು. ಯಾರದೋ ತಾಯಿ, "ಅಯ್ಯೋ, ದೇವಿಯ ಎದುರು ಎಡಗೈಯಾ!" ಎಂದರು. ಮಾಸ್ತರರು ತಿರುಗಿದರು. ನನ್ನ ಕೈಯನ್ನು ನೋಡಿದರು. "ಕೆಳಗೆ ಇಡು" ಎಂದರು, ಅಷ್ಟೇ. ಅವಮಾನಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂದಿತ್ತು. ನಾನು ಒಂದು ಸ್ವರವನ್ನೂ ತಪ್ಪು ಬಾರಿಸಿರಲಿಲ್ಲ.

ಮರುದಿನ ಅಜ್ಜಿ ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟಳು. "ಬಲಗೈಯಲ್ಲಿ ಬಾರಿಸುವುದಾದ್ರೆ ಬಾರಿಸ್ಲಿ ಮಾಷ್ಟ್ರೇ. ಇಲ್ಲದಿದ್ರೆ ಪಿಟೀಲು ಅಟ್ಟಕ್ಕೆ ಹೋಗ್ಲಿ. ನಾಳೆ ಗಂಡಿನ ಕಡೆಯವರಿಗೆ ಎಂತ ಹೇಳುವುದು?"

"ಸಂಕ್ರಮಣದವರೆಗೆ ನೋಡುವ ಅಮ್ಮ" ಎಂದರು ಮಾಸ್ತರರು.

ಅಂದಿನಿಂದ, ಅಜ್ಜಿಯ ಒಪ್ಪಿಗೆಯ ಮೇಲೆ, ಅವರು ಒಳಗಡೆ ಮುಖ ಮಾಡಿ ಕೂತರು. ಮಣಿಕಟ್ಟು, ಮೊಣಕೈ, ಬೆರಳು ಎಲ್ಲವನ್ನೂ ನೋಡಿದರು. ಬಲಗೈಯ ಕಮಾನು ಎಣ್ಣೆ ಕಾಣದ ಬಾವಿಯ ರಾಟೆಯಂತೆ ಕಿರುಗುಟ್ಟಿತು. ದಾಸವಾಳದ ಬೇಲಿಯ ಆಚೆ ಹೋಗುವವರು ನಿಂತು ನೋಡುವಷ್ಟು. ಅವರು ಬೈಯಲಿಲ್ಲ, ಕತ್ತು ಕೆರೆದುಕೊಳ್ಳಲೂ ಇಲ್ಲ. ಕೆರೆಯುತ್ತ ಹೋಗಿದ್ದರೆ ಕತ್ತು ಉಳಿಯುತ್ತಿರಲಿಲ್ಲ. ನಶ್ಯದ ಡಬ್ಬಿ ಸೊಂಟದಲ್ಲೇ ಇತ್ತು. ರಾತ್ರಿ ಮಲಗಿದಾಗ ಅಟ್ಟದ ಕತ್ತಲೆ ನೆನಪಾಗಿ ನಾನು ಅಳುತ್ತಿದ್ದೆ.

ಸಂಕ್ರಮಣದ ದಿನ ಮಾಸ್ತರರು ಎಂದಿನ ಹೊತ್ತಿಗೆ ಬಂದರು. ಕಾಲು ತೊಳೆದು ಜಗಲಿ ಹತ್ತಿದರು. ಅಜ್ಜಿ ಹುಣಸೆಹಣ್ಣಿನ ಮೊರ, ನಮ್ಮ ಕಡೆಯ ತಡ್ಪೆ, ಎಳೆದುಕೊಂಡು ಕೂತಳು. ಅಪ್ಪನಿಗೆ ಹೇಳಿ ಅಟ್ಟಕ್ಕೆ ಏಣಿಯನ್ನೂ ಇಡಿಸಿದ್ದಳು. ಮಾಸ್ತರರು ಏಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಚಾಪೆಯನ್ನು ತಿರುಗಿಸಿ, ಹಿಂದಿನಂತೆ ದಾರಿಗೆ ಮುಖ ಮಾಡಿ ಕೂತರು.

"ಹ್ಞೂಂ, ಬಾರಿಸು."

ಯಾವ ಕೈ ಎಂದು ಈ ಸಲವೂ ಹೇಳಲಿಲ್ಲ. ನಾನು ಅಜ್ಜಿಯ ಮುಖ ನೋಡುತ್ತಲೇ ಕಮಾನನ್ನು ಎಡಗೈಗೆ ದಾಟಿಸಿದೆ. ಸೌಟು ಬೀಳುವುದನ್ನೇ ಕಾಯುತ್ತ ಷಡ್ಜ ಎಳೆದೆ. ಅಲ್ಲಿಂದ ಮೇಲೆ ಕೈ ತಾನೇ ನಡೆಯಿತು.

ಅಜ್ಜಿ ತಡ್ಪೆ ಬದಿಗಿಟ್ಟು ಎದ್ದಳು. "ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ" ಎಂದು ಗೊಣಗಿದಳು. ನನ್ನ ಕಡೆ ಬರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ನನ್ನ ಕೈ ಕಾಣದ ಹಾಗೆ ಬಾಗಿಲನ್ನು ಅರ್ಧ ಮುಚ್ಚಿ, ಮತ್ತೆ ಬಂದು ಕೂತಳು. ನಾನು ಬಾರಿಸುತ್ತಲೇ ಇದ್ದೆ. ಬಾಗಿಲ ಆಚೆ ನಶ್ಯದ ಡಬ್ಬಿ ಟಕ್ಕೆಂದಿತು.