ಮೂರನೇ ಕ್ಲಾಸಿನಲ್ಲಿ ಕೂತ ವೈಜಯಂತಿ

ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ನಮ್ಮ ಬ್ಲಾಕಿನಲ್ಲಿ ಮಗುವಿನ ಜೊತೆಗೆ ತಾನೂ ದಿನಾ ಶಾಲೆಗೆ ಹೋಗಿ ಕೂರುತ್ತಿದ್ದ ತಾಯಿ ಒಬ್ಬಳೇ. ನಮ್ಮ ಮೇಲಿನ ಮನೆಯ ವೈಜಯಂತಿ. ಅವಳು ಟೀಚರ್ ಅಲ್ಲ. ಎಂಟು ವರ್ಷದ ಮಗಳು ಅಮೂಲ್ಯಳ ಪಕ್ಕದಲ್ಲಿ, ಮಕ್ಕಳ ಅಳತೆಯ ಬೆಂಚಿನಲ್ಲಿ, ಕಾಲು ಎಲ್ಲಿಡಬೇಕೆಂದು ತಿಳಿಯದೆ ಮುದುರಿಕೊಂಡು ಕೂರುತ್ತಿದ್ದಳು. ಒಂದನೇ ಕ್ಲಾಸಿನಲ್ಲಿ ಕೂತಳು, ಎರಡರಲ್ಲೂ ಕೂತಳು, 2006ಕ್ಕೆ ಮೂರನೇ ಕ್ಲಾಸಿಗೂ ಪಾಸಾದಳು. "ಆಂಟಿ, ಈ ಸಲ ನನಗೇ ಫಸ್ಟ್ ರ‍್ಯಾಂಕು ನೋಡಿ," ಎಂದು ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು.

ಅಮೂಲ್ಯಳಿಗೆ ಆಟಿಸಂ ಎಂದು ಡಾಕ್ಟರು ಹೇಳಿದ್ದರು. ಮಾತು ಕಡಿಮೆ. ಗದ್ದಲ ಹೆಚ್ಚಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾಲ್ಕಾರು ಶಾಲೆಗಳು ಗೇಟಿನಲ್ಲೇ ಕೈಮುಗಿದು ಕಳಿಸಿದ ಮೇಲೆ ರಿಂಗ್ ರೋಡಿನಾಚೆಯ ಒಂದು ಪ್ರೈವೇಟ್ ಶಾಲೆ ಅವಳನ್ನು ಸೇರಿಸಿಕೊಂಡಿತು. ಷರತ್ತು ಒಂದೇ: ತಾಯಿ ದಿನವಿಡೀ ಪಕ್ಕದಲ್ಲಿ ಕೂರಬೇಕು. ತಂದೆ ಯಾಕೆ ಕೂರಬಾರದು ಎಂದು ಶಾಲೆಯವರು ಕೇಳಲಿಲ್ಲ. ತಂದೆ ಯೋಗೀಶನೂ ಕೇಳಲಿಲ್ಲ. ಒಂದು ಸಚಿವಾಲಯದಲ್ಲಿ ಸ್ಟೆನೋ ಆಗಿದ್ದ ವೈಜಯಂತಿ ಸಂಬಳವಿಲ್ಲದ ರಜೆ ಹಾಕಿದಳು.

ಸ್ಟೆನೋ ಕೈ ಎಂದರೆ ಕೇಳಬೇಕೆ? ಟೀಚರ್ ಬೋರ್ಡ್ ಒರೆಸುವ ಮೊದಲೇ ಎಲ್ಲವೂ ಮಗಳ ಕಾಪಿಗೆ, ಅಂದರೆ ನೋಟ್‌ಬುಕ್ಕಿಗೆ, ಇಳಿದಿರಬೇಕು ಎಂದು ಅವಳ ಹಟ. ಅದರಲ್ಲೂ ಆ ಶಾಲೆಯಲ್ಲಿ ಮಗುವಿಗೆ ಏನು ಗೊತ್ತು ಎನ್ನುವುದಕ್ಕಿಂತ ಕಾಪಿ ಪೂರ್ತಿಯಾಗಿದೆಯೋ ಇಲ್ಲವೋ ಎನ್ನುವುದೇ ದೊಡ್ಡದು. ಅಮೂಲ್ಯಳ ಬಲಗೈ ಮಣಿಕಟ್ಟನ್ನು ಹಿಡಿದು ತಾನೇ ಪೆನ್ಸಿಲ್ ನಡೆಸುತ್ತಿದ್ದಳು. ಪುಟದ ಕೆಳಗೆ ಟೀಚರ್ 'ವೆರಿ ಗುಡ್' ಹಾಕುತ್ತಿದ್ದರು. ಬರಬರುತ್ತಾ ಮಣಿಕಟ್ಟಿನ ಮೇಲೆ ಅಮ್ಮನ ಕೈ ಬೀಳದೆ ಅಮೂಲ್ಯ ಪೆನ್ಸಿಲನ್ನೇ ಮುಟ್ಟದಂತಾದಳು. "ಮಮ್ಮಾ, ಹಾಥ್," ಎಂದು ಹಿಂದಿಯಲ್ಲಿ ಅಮ್ಮನ ಕೈ ಕೇಳಿ, ತನ್ನ ಕೈ ಚಾಚಿ ಕಾಯುತ್ತಿದ್ದಳು. ಮನೆಯಲ್ಲಿ ಚಮಚ ಎತ್ತಲೂ ಅದೇ ಮಾತು.

ಮಗಳು ಬರೆದರೆ ಶಾಲೆಯವರು "ನೀವಿದ್ದೀರಿ, ಅದಕ್ಕೇ ಬರೀತಾಳೆ" ಅನ್ನುತ್ತಿದ್ದರು. ಬರೆಯದಿದ್ದರೆ "ಈ ಮಗು ನಮ್ಮ ಶಾಲೆಗಲ್ಲ". ಹೇಗೆ ನೋಡಿದರೂ ವೈಜಯಂತಿ ಆ ಬೆಂಚು ಬಿಟ್ಟು ಏಳುವಂತಿರಲಿಲ್ಲ. ಅಷ್ಟರಲ್ಲಿ ಆಫೀಸಿನವರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟರು: ಆಗಸ್ಟ್ ಕೊನೆಗೆ ಬಂದು ಸೇರಿ, ಇಲ್ಲವೇ ಕೆಲಸ ಬಿಡಿ.

ಆ ಜುಲೈನಲ್ಲಿ ಶಾಲೆಗೆ ನವನೀತ್ ಎಂಬ ಹುಡುಗಿ ಬಂದಳು. ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವಳು. ಬ್ಯಾಟು ಬಾಲು ತುಂಬಿಡುತ್ತಿದ್ದ ಕೋಣೆಯನ್ನು ಗುಡಿಸಿ, ಅದಕ್ಕೆ ರಿಸೋರ್ಸ್ ರೂಮ್ ಎಂದು ಹೆಸರಿಟ್ಟು ಅವಳಿಗೆ ಕೊಟ್ಟರು. ಅವಳು ವೈಜಯಂತಿಗೆ ಹೇಳಿದ್ದು ಇಷ್ಟು: "ದೀದಿ, ಕೈ ಹಿಡಿದದ್ದು ತಪ್ಪಲ್ಲ. ಬಿಡುವುದನ್ನು ನಿಮಗೆ ಯಾರೂ ಹೇಳಿಕೊಡಲಿಲ್ಲ." ಒಮ್ಮೆಲೇ ಬಿಟ್ಟರೆ ಮಗು ಕಂಗಾಲಾಗುತ್ತದೆ. ಮೊದಲು ಕೈಯನ್ನು ಮಣಿಕಟ್ಟಿನಿಂದ ಮೊಣಕೈಗೆ ಸರಿಸಬೇಕು, ಆಮೇಲೆ ಭುಜಕ್ಕೆ, ಆಮೇಲೆ ಪೂರ್ತಿ ತೆಗೆಯಬೇಕು. ಸಂಜೆ ನಮ್ಮ ಮನೆಗೆ ಬಂದು ವೈಜಯಂತಿ ವರದಿ ಒಪ್ಪಿಸುತ್ತಿದ್ದಳು. "ಆಂಟಿ, ಇವತ್ತು ಮೊಣಕೈ." "ಆಂಟಿ, ಭುಜ!" ಅವಳ ಮುಖದಲ್ಲಿ ಅಂಥ ಆಸೆಯನ್ನು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಆಫೀಸಿಗೆ ಉಡಲೆಂದು ಸೀರೆಗಳನ್ನು ಇಸ್ತ್ರಿಗೂ ಕೊಟ್ಟಳು.

ಆಗಸ್ಟ್ ಕೊನೆಯ ಶುಕ್ರವಾರ, ಅಮ್ಮನಿಲ್ಲದೆ ಅಮೂಲ್ಯ ಬರೆಯಬಲ್ಲಳೇ ಎಂಬ ಪರೀಕ್ಷೆ. ತಾಯಿ ವರಾಂಡದಲ್ಲಿರಬೇಕು, ಪ್ರಿನ್ಸಿಪಾಲರೇ ಕ್ಲಾಸಿನಲ್ಲಿ ಕೂತು ನೋಡುತ್ತಾರೆ. ವೈಜಯಂತಿಗೆ ಧೈರ್ಯಕ್ಕೆಂದು ನಾನೂ ಹೋದೆ. ಸೆಖೆಗೆ ಬೆವರು ಸುರಿಸುತ್ತಾ ಇಬ್ಬರೂ ಕಿಟಕಿಯ ಸರಳು ಹಿಡಿದು ನಿಂತೆವು.

ಟೀಚರ್ ಬೋರ್ಡಿನ ಮೇಲೆ ಬರೆದರು. ಮಕ್ಕಳೆಲ್ಲ ತಲೆ ತಗ್ಗಿಸಿದರು. ಅಮೂಲ್ಯ ಮಾತ್ರ ಪಕ್ಕದ ಖಾಲಿ ಜಾಗ ನೋಡುತ್ತಾ ಕೂತಳು. "ಹಾಥ್," ಎಂದಳು. ಯಾರೂ ಅಲುಗಲಿಲ್ಲ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡರು. ಆಗ ಮಗು ತನ್ನ ಎಡಗೈ ಎತ್ತಿ ತನ್ನದೇ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಮ್ಮ ಹಿಡಿಯುತ್ತಿದ್ದ ಹಾಗೆಯೇ. ಹಿಡಿದುಕೊಂಡು ಬರೆಯತೊಡಗಿತು.

ವೈಜಯಂತಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನು. "ಸೋಮವಾರ ಆಫೀಸಿಗೆ ನಡಿ ನೀನು," ಎಂದು ಬೆನ್ನು ತಟ್ಟಿದೆ.

ಗಂಟೆ ಹೊಡೆಯಿತು. ಪ್ರಿನ್ಸಿಪಾಲರು ಅಮೂಲ್ಯಳ ಕಾಪಿ ಹಿಡಿದು ಹೊರಗೆ ಬಂದರು. "ದೇಖಿಯೇ, ನೀವಿದ್ದಾಗ ಪೂರ್ತಿ ಪುಟ. ಇವತ್ತು ಎರಡೇ ಸಾಲು. ಕ್ಲಾಸಿನ ಜೊತೆ ಇವಳು ಹೇಗೆ ನಡೀತಾಳೆ? ಸೋಮವಾರದಿಂದ ಮತ್ತೆ ಬಂದು ಕೂತ್ಕೊಳ್ಳಿ. ಆಗದಿದ್ದರೆ ಬೇರೆ ಶಾಲೆ ನೋಡಿ," ಎಂದು ಹಿಂದಿಯಲ್ಲಿ ಹೇಳಿದರು.

"ಮೇಡಂ, ಆ ಎರಡು ಸಾಲು ಅವಳದೇ. ಪೂರ್ತಿ ಪುಟ ಅವಳದಾಗಿರಲಿಲ್ಲ," ಎಂದಳು ಅವರ ಹಿಂದೆಯೇ ಬಂದ ನವನೀತ್.

"ಕಾಪಿ ಅಧೂರಿ ಹೈ, ನವನೀತ್," ಎಂದು ಪ್ರಿನ್ಸಿಪಾಲರು ನಡೆದೇಬಿಟ್ಟರು. ಅರ್ಧಂಬರ್ಧ ಕಾಪಿ, ಅಷ್ಟೇ ಅವರಿಗೆ ಕಂಡದ್ದು. ನಾನು ಕನ್ನಡದಲ್ಲಿ ಬೈದೆ. ಅವರಿಗೆ ಅರ್ಥವಾಗದೇ ಹೋದದ್ದು ಈಗಲೂ ನನಗೆ ಬೇಜಾರು.

ಸಂಜೆ ಯೋಗೀಶ ಟೀ ಕುಡಿಯುತ್ತಾ, "ಏನ್ಮಾಡೋಕಾಗುತ್ತೆ, ಇನ್ನೊಂದು ವರ್ಷ ನೋಡೋಣ," ಎಂದ.

"ನೋಡೋಣ ಅನ್ಬೇಡಿ. ನೋಡೋಳು ನಾನು," ಎಂದಳು ವೈಜಯಂತಿ. ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಬೇರೆ ಶಾಲೆ ಎಲ್ಲಿತ್ತು? ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಆಫೀಸಿಗೆ ಹೋದಳು, ಕೆಲಸಕ್ಕೆ ರಾಜೀನಾಮೆ ಕೊಟ್ಟಳು, ಅದೇ ಸೀರೆಯಲ್ಲಿ ಶಾಲೆಗೆ ಹೋಗಿ ಕೂತಳು.

ಮನಸ್ಸು ತಡೆಯದೆ ಮರುದಿನ ನಾನೂ ಹೋದೆ. ಅದೇ ಕಿಟಕಿಯಲ್ಲಿ ನಿಂತು ನೋಡಿದೆ. ಬೆಂಚಿನ ಮೇಲೆ ವೈಜಯಂತಿ ಎರಡೂ ಅಂಗೈಗಳನ್ನು ತೊಡೆಯಡಿ ಸೇರಿಸಿಕೊಂಡು ಕೂತಿದ್ದಳು. ಬರೆಸಿ ಎಂದು ಟೀಚರ್ ದೂರದಿಂದಲೇ ಸನ್ನೆ ಮಾಡಿದರು. ಅವಳು ಕಾಣದವಳಂತೆ ಇದ್ದಳು.

"ಮಮ್ಮಾ, ಹಾಥ್."

"ಇಲ್ಲ ಪುಟ್ಟಾ. ನೀನೇ ಬರಿ."

ಅಮೂಲ್ಯ ಸ್ವಲ್ಪ ಹೊತ್ತು ಅಮ್ಮನ ಮುಖ ನೋಡಿ, ತನ್ನ ಮಣಿಕಟ್ಟನ್ನು ತಾನೇ ಹಿಡಿದುಕೊಂಡಳು. ಅವಳ ಎರಡನೇ ಸಾಲು ಮುಗಿಯುವ ಹೊತ್ತಿಗೆ ಬೋರ್ಡಿನ ಮೇಲಿದ್ದದ್ದೆಲ್ಲ ಅಳಿಸಿಹೋಗಿತ್ತು. ವೈಜಯಂತಿ ತನ್ನ ಕೈಗಳ ಮೇಲೆ ಕೂತೇ ಇದ್ದಳು.